ಹಸಿರು ಟಿಕ್ ಬರಲು 11 ದಿನ

ಥಂಡರ್‌ಬರ್ಡ್ ಎಂಬ ಮೇಲ್ ಪ್ರೋಗ್ರಾಂನಲ್ಲಿ ಎನ್‌ಕ್ರಿಪ್ಟ್ ಆದ, ಅಂದರೆ ಬೀಗ ಹಾಕಿದ ಮೇಲ್ ಡಿಕ್ರಿಪ್ಟ್ ಆಗುತ್ತೆ, ಡ್ರಾಯಿಂಗ್ ತೆರೆಯುತ್ತೆ, ಕಳಿಸಿದ್ದು ಅವರೇ ಅಂತ ತೋರಿಸುವ ಡಿಜಿಟಲ್ ಸಹಿಯ ಪಕ್ಕ ಮಾತ್ರ ಪ್ರಶ್ನೆ ಗುರುತು. ಪೀಣ್ಯದ ಒಂದು ಸಿಎನ್‌ಸಿ ಶಾಪ್‌ನ ಕಂಪ್ಯೂಟರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಅವರ ದೊಡ್ಡ ಗಿರಾಕಿ ಜರ್ಮನಿಯವರು. ಪಕ್ಕದ ಯೂನಿಟ್ಟಿನವರು ನಕಲಿ ಮೇಲ್ ನಂಬಿ ದುಡ್ಡು ಕಳೆದುಕೊಂಡ ಮೇಲೆ ನಮ್ಮ ಓನರ್ ಹಟ ಹಿಡಿದಿದ್ದರು: ಸಹಿ ಸರಿ ಇದೆ ಎನ್ನುವ ಹಸಿರು ಟಿಕ್ ಇಲ್ಲದ ಡ್ರಾಯಿಂಗ್‌ಗೆ ಮೆಟೀರಿಯಲ್ ಮುಟ್ಟಬಾರದು. ನಡುವೆ ಬೇರೆ ಕೆಲಸ ಹಾಕಿದರೂ ಒಂದು ಮೆಷಿನ್ ಬಹಳ ಹೊತ್ತು ಸುಮ್ನೆ ನಿಂತಿತು. ಸುಮಾರು 40 ಸಾವಿರ ಹೋಗಿರಬೇಕು.

ಎಲ್ಲರೂ ಬೈದದ್ದು ಮೇಲ್ ಸರ್ವರ್‌ಗೆ. 'ನಿಮ್ಮ ಸರ್ವರ್ ಪ್ರತಿ ಮೇಲ್‌ನ ಕೊನೆಗೆ ಡಿಸ್‌ಕ್ಲೇಮರ್ ಸಾಲು ಅಂಟಿಸುತ್ತೆ, ಅದಕ್ಕೇ ಸಹಿ ಕೆಡ್ತಿದೆ' ಅಂತ ಜರ್ಮನಿ ಕಡೆಯವರು. ಇಲ್ಲಿನ ಒಬ್ಬ ಸಲಹೆಗಾರರು ಸರ್ವರ್ ಬದಲಾಯಿಸಿ, ಎಲ್ಲರಿಗೂ ಸರ್ಟಿಫಿಕೇಟ್ ಕೊಳ್ಳಿ ಎಂದು 35 ಸಾವಿರದ ಕೊಟೇಶನ್ ಕೊಟ್ಟರು. ಸರ್ವರ್ ಅಲ್ಲ ಅಂತ ನಾನು ಮೊದಲ ದಿನವೇ ಹೇಳಿದ್ದೆ. ಸಹಿ ಇರುವುದು ಬೀಗದ ಒಳಗೆ. ಪೆಟ್ಟಿಗೆ ಸರಿಯಾಗಿ ತೆರೆದಿದೆ ಅಂದಮೇಲೆ ಒಳಗಿನದನ್ನು ಸರ್ವರ್ ಹೇಗೆ ಮುಟ್ಟುತ್ತೆ? ಯಾರೂ ಒಪ್ಪಲಿಲ್ಲ. ಎರಡು ಮೇಲ್ ಕಳಿಸಿ ತೋರಿಸಿದೆ. ಬರೀ ಸಹಿ ಮಾಡಿದ್ದಕ್ಕೆ ಡಿಸ್‌ಕ್ಲೇಮರ್ ಅಂಟಿ ಕೆಂಪು ಇಂಟು ಮಾರ್ಕ್ ಬಂತು. ಸಹಿ ಮಾಡಿ ಎನ್‌ಕ್ರಿಪ್ಟ್ ಮಾಡಿದ್ದಕ್ಕೆ ಬರಲಿಲ್ಲ. ಕೆಂಪು ಇಂಟು ಬೇರೆ, ಪ್ರಶ್ನೆ ಗುರುತು ಬೇರೆ. ಮೊದಲನೆಯದು ಕೆಟ್ಟ ಸಹಿ, ಎರಡನೆಯದು ಯಾರ ಸಹಿ ಅಂತ ಗೊತ್ತಾಗದ ಸಹಿ.

ಇಷ್ಟು ಗೊತ್ತಿದ್ದೂ ನಾನೇ ಎರಡು ದಿನ ಹಾಳು ಮಾಡಿದೆ. ಥಂಡರ್‌ಬರ್ಡ್‌ಗೆ ಹಿಂದೆ ಹಾಕಿಕೊಳ್ಳುತ್ತಿದ್ದ ಎನಿಗ್‌ಮೇಲ್ ಆಡ್-ಆನ್ ಕಾಲದ ಅಭ್ಯಾಸ, ಸಹಿ ಪರೀಕ್ಷಿಸೋಕೆ ಬೇಕಾದ ಅವರ ಡಿಜಿಟಲ್ ಕೀ ಎಲ್ಲವನ್ನೂ ಕ್ಲಿಯೋಪಾಟ್ರಾಗೆ (ಎನ್‌ಕ್ರಿಪ್ಶನ್ ಪ್ರೋಗ್ರಾಂ ಜಿಪಿಜಿಯ ಕೀಗಳನ್ನು ನೋಡಿಕೊಳ್ಳುವ ಸಾಫ್ಟ್‌ವೇರ್) ಹಾಕುತ್ತಾ ಕೂತಿದ್ದೆ. 2020ರಲ್ಲಿ ಬಂದ 78ನೇ ಆವೃತ್ತಿಯಿಂದ ಥಂಡರ್‌ಬರ್ಡ್ ತನ್ನದೇ ಕೀ ಗೊಂಚಲು ಇಟ್ಟುಕೊಂಡಿದೆ, ಜಿಪಿಜಿ ಗೊಂಚಲಿನ ಕಡೆ ತಿರುಗಿಯೂ ನೋಡಲ್ಲ. ಓದಿದ್ದೆ, ಮರೆತಿದ್ದೆ. ಓನರ್ ಬಾಗಿಲಲ್ಲಿ ನಿಂತು 'ಏನಪ್ಪಾ, ಹಸಿರು ಬಂತಾ?' ಅಂದಾಗ ಹೇಳೋಕೆ ಬಾಯಿ ಬರಲಿಲ್ಲ.

ಥಂಡರ್‌ಬರ್ಡ್‌ಗೇ ಕೀ ಹಾಕಿದೆ. ಪ್ರಶ್ನೆ ಗುರುತು ಹಾಗೇ ಇತ್ತು. ಆಗ ಮಾಡಿದ್ದನ್ನು ಮೊದಲ ದಿನವೇ ಮಾಡಬೇಕಿತ್ತು. ಟೆಸ್ಟ್ ಲ್ಯಾಪ್‌ಟಾಪ್‌ಗೆ ಬೀಗ ತೆಗೆಯುವ ನಮ್ಮ ಸೀಕ್ರೆಟ್ ಕೀ ಹಾಕಿ, ಮೇಲ್‌ನ ಎನ್‌ಕ್ರಿಪ್ಟ್ ಆದ ಭಾಗವನ್ನು ಫೈಲ್ ಮಾಡಿ, ಒಳಗೆ ಏನೇನಿದೆ ಅಂತ ಪಟ್ಟಿ ಮಾಡುವ ಜಿಪಿಜಿಯ ಲಿಸ್ಟ್-ಪ್ಯಾಕೆಟ್ಸ್ ಕಮಾಂಡ್ ಓಡಿಸಿದೆ. ಉದ್ದಕ್ಕೂ ಏನೇನೋ ಸುರಿಯುತ್ತೆ, ನೋಡಬೇಕಾದ್ದು ಸಿಗ್ನೇಚರ್ ಪ್ಯಾಕೆಟ್ ಸಾಲಿನ 16 ಅಕ್ಷರದ ಕೀಐಡಿ, ಅಂದರೆ ಸಹಿ ಮಾಡಿದ ಕೀಯ ಗುರುತಿನ ನಂಬರ್ ಒಂದೇ. ನಮ್ಮ ಹತ್ತಿರ ಇದ್ದ ಅವರ ಕೀಯಲ್ಲಿ, ಅದರ ಸಬ್‌ಕೀಗಳಲ್ಲಿ (ಮುಖ್ಯ ಕೀಗೆ ಸೇರಿದ ಉಪ ಕೀಗಳು) ಎಲ್ಲೂ ಆ ನಂಬರ್ ಇರಲಿಲ್ಲ. ಡ್ರಾಯಿಂಗ್ ಕಳಿಸುವ ಜರ್ಮನ್ ಇಂಜಿನಿಯರ್ ಜನವರಿಯಲ್ಲಿ ಸಹಿಗೆಂದೇ ಹೊಸ ಸಬ್‌ಕೀ ಮಾಡಿಕೊಂಡಿದ್ದರು. ನಮಗೆ ಮೂರು ಸಲ ಕಳಿಸಿದ್ದು ಡೆಸ್ಕ್‌ಟಾಪ್‌ನಲ್ಲಿ ಬಿದ್ದಿದ್ದ ಹಳೇ ಫೈಲನ್ನು! ಎನ್‌ಕ್ರಿಪ್ಶನ್ ಸಬ್‌ಕೀ ಹಳೆಯದೇ ಇದ್ದದ್ದರಿಂದ ನಾವು ಕಳಿಸಿದ್ದನ್ನು ಅವರು ಆರಾಮಾಗಿ ಓದುತ್ತಿದ್ದರು. ಹಾಗಾಗಿ ಕೀ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಹೊಸದನ್ನು ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಎಂಬ, ಕೀ ಹಂಚುವ ಸಾರ್ವಜನಿಕ ಸರ್ವರ್‌ಗೆ ಹಾಕಿ ಎಂದೆ. ಹಾಕಿದರು. ಅಲ್ಲಿಂದ ಬರುವ ಖಾತರಿ ಮೇಲ್‌ನ ಲಿಂಕ್ ಒತ್ತಲಿಲ್ಲ. ಒತ್ತದಿದ್ದರೆ ಆ ಸರ್ವರ್ ಹೆಸರು, ವಿಳಾಸ ಕೊಡಲ್ಲ, ಬರೀ ಕೀ ಕೊಡುತ್ತೆ. ಲ್ಯಾಪ್‌ಟಾಪಿನ ಜಿಪಿಜಿ 'ಯೂಸರ್ ಐಡಿ ಇಲ್ಲ' ಎಂದು ಅದನ್ನು ಹೊರಗೇ ಬಿಟ್ಟಿತು. ಮತ್ತೊಂದು ದಿನ ಹೋಯಿತು. ಕೊನೆಗೆ ಅವರು ಕ್ಲಿಯೋಪಾಟ್ರಾದಿಂದ ಹೊಸದಾಗಿ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಲಗತ್ತಿಸಿದರು.

ಕಾಯುವಾಗ ಕೈ ಸುಮ್ಮನಿರಲಿಲ್ಲ. ಓನರ್ ಜಿಎಸ್‌ಟಿಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿಯ ಸರ್ಟಿಫಿಕೇಟ್) ಟೋಕನ್ನಿನಿಂದಲೇ ಮೇಲ್‌ಗೆ ಸಹಿ ಹಾಕಿ ನೋಡಿದೆ. ಸಹಿ ಬಿತ್ತು, ಆದರೆ ಆ ಕಡೆ ಥಂಡರ್‌ಬರ್ಡ್ ನಂಬಲಿಲ್ಲ. ನಮ್ಮ ದೇಶದ ಡಿಎಸ್‌ಸಿಗಳಿಗೆಲ್ಲ ಮೂಲವಾದ ಸಿಸಿಎ ಇಂಡಿಯಾ ರೂಟ್ ಸರ್ಟಿಫಿಕೇಟ್, ಥಂಡರ್‌ಬರ್ಡ್ ನಂಬುವ ಮೊಜಿಲ್ಲಾದ ಪಟ್ಟಿಯಲ್ಲಿಲ್ಲ. ಇ-ಆಧಾರ್ ಪಿಡಿಎಫ್ ಮೇಲೆ ಹಳದಿ ಪ್ರಶ್ನೆ ಗುರುತು ಬರುತ್ತಲ್ಲ, ಅದೇ ಜಾತಿಯ ತಲೆನೋವು. ಟೋಕನ್ ಬೀರುವಿಗೆ ವಾಪಸ್ ಹೋಯಿತು.

ಹೊಸ ಕೀ ಹಾಕಿದ ಮೇಲೂ 'ಈ ಕೀ ಕಳಿಸಿದವರದೇ ಅಂತ ನೀವಿನ್ನೂ ಪರಿಶೀಲಿಸಿಲ್ಲ' ಎಂಬ ಸಾಲು ಉಳಿಯಿತು. ಅದನ್ನು ಸುಮ್ನೆ ಕ್ಲಿಕ್ ಮಾಡಿ ತೆಗೆಯೋರು ಜಾಸ್ತಿ. ಹಾಗೆ ಮಾಡೋದಾದರೆ ಈ ಗೋಳೆಲ್ಲ ಯಾಕೆ ಬೇಕಿತ್ತು, ಅಲ್ವಾ? ಆ ಇಂಜಿನಿಯರ್‌ಗೆ ಫೋನ್ ಮಾಡಿ ಕೀಯ 40 ಅಕ್ಷರದ ಫಿಂಗರ್‌ಪ್ರಿಂಟ್ (ಕೀಯ ಪೂರ್ತಿ ಗುರುತು) ನಾಲ್ಕು ನಾಲ್ಕಾಗಿ ಓದಿಸಿಕೊಂಡೆ. ಮೂರನೇ ಗುಂಪಿನಲ್ಲೇ ತಪ್ಪಿತು. ಎದೆ ಧಸಕ್ಕೆಂದಿತು. ಮತ್ತೆ ಓದಿಸಿದೆ, ಮತ್ತೆ ತಪ್ಪು. ಆಮೇಲೆ ಗೊತ್ತಾಯಿತು, ಜರ್ಮನ್ನರ ಬಾಯಲ್ಲಿ ಇಂಗ್ಲಿಷಿನ E ಅಕ್ಷರ 'ಏ' ಆಗುತ್ತೆ, ನಾನು ಅದನ್ನು A ಅಂತ ಬರೆದುಕೊಳ್ಳುತ್ತಿದ್ದೆ. A ಗೆ ಆಲ್ಫಾ, E ಗೆ ಎಕೋ ಎಂದು ಹೇಳಿಸಿಕೊಂಡ ಮೇಲೆ ಹತ್ತೂ ಗುಂಪು ಕೂಡಿದವು.

ಕೊನೆಯದೊಂದು ಬಾಕಿ ಇತ್ತು. ಡ್ರಾಯಿಂಗ್ ಬರುತ್ತಿದ್ದದ್ದು ಅವರ ವಿಭಾಗದ ವಿಳಾಸದಿಂದ, ಕೀಯಲ್ಲಿ ಇದ್ದದ್ದು ಅವರ ಸ್ವಂತ ವಿಳಾಸ. ಥಂಡರ್‌ಬರ್ಡ್ ಹೊಂದಿಕೆಯಾಗ್ತಿಲ್ಲ ಅಂತ ಗೊಣಗಿತು. ಅವರು ಕೀಗೆ ಎರಡನೇ ವಿಳಾಸ ಸೇರಿಸಿ ಮತ್ತೆ ಕಳಿಸಿದರು, ಹತ್ತು ನಿಮಿಷದ ಕೆಲಸ.

11ನೇ ದಿನ ಮಧ್ಯಾಹ್ನ ಹಸಿರು ಬಂತು. ಈಗ ಅನುಮಾನದ ಮೇಲ್ ಬಂದರೆ ಕೀಐಡಿ ಹುಡುಕಿ ಹೋಲಿಸೋಕೆ ನನ್ನದೊಂದು ಸಣ್ಣ ಬ್ಯಾಚ್ ಫೈಲ್ ಇದೆ, ಅರ್ಧ ನಿಮಿಷ ಸಾಕು. ಅದನ್ನು ಇಲ್ಲಿ ಹಾಕಲ್ಲ, ಹೊಟ್ಟೆಪಾಡು. ಬಿಲ್ ಆರೂವರೆ ಸಾವಿರ ಹಾಕಿದ್ದೆ, ಓನರ್ ಐದು ಕೊಟ್ಟರು. ಆ ಸಬ್‌ಕೀ ಅವಧಿ ಬರುವ ಜನವರಿಗೆ ಮುಗಿಯುತ್ತೆ. ಮೆಷಿನ್ ಪಕ್ಕದ ಕ್ಯಾಲೆಂಡರ್‌ನಲ್ಲಿ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಬಂದಿದ್ದೇನೆ.