ಸೆಪ್ಟೆಂಬರ್ 17ರ ಬೋರ್ಡು

ನಮ್ಮ ಶಾಲೆ ಹುಮನಾಬಾದ್ ತಾಲ್ಲೂಕಿನಲ್ಲಿದೆ, ಸೋಲಾಪುರ–ಹೈದರಾಬಾದ್ ಹೆದ್ದಾರಿಯಿಂದ ಸ್ವಲ್ಪ ಒಳಗೆ. ನಾನು ಇಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಪ್ರಾರ್ಥನೆಗೆ ನಿಲ್ಲುವ ಅಂಗಳದ ಗೋಡೆಗೆ ಒಂದು ಕರಿ ಬೋರ್ಡಿದೆ. ಮೊದಲು ಅದರಲ್ಲಿ ಸುವಿಚಾರ, ಹಾಜರಿ ಲೆಕ್ಕ ಅಷ್ಟೇ ಇರುತ್ತಿತ್ತು. ಪಕ್ಕದಲ್ಲಿ ಅರ್ಧ ಜಾಗ ಖಾಲಿ ಇತ್ತು. ಅಲ್ಲಿ ‘ಇತಿಹಾಸದಲ್ಲಿ ಈ ದಿನ’ ಬರೆಯಲು ಶುರು ಮಾಡಿದೆ. ಅದನ್ನು ಹೇಗೆ ಮಾಡುತ್ತಾ ಬಂದೆ ಎಂದು ಹೇಳಿದರೆ ಬೇರೆ ಮಾಸ್ತರರಿಗೂ ಉಪಯೋಗವಾದೀತು.

ಮೊದಲ ವರ್ಷ ಮೊಬೈಲಿಗೆ ಬಂದ ಪಟ್ಟಿಯನ್ನೇ ನೋಡಿ ಬರೆಯುತ್ತಿದ್ದೆ. ದಿನಕ್ಕೆ ಹತ್ತು ಹನ್ನೆರಡು ಸಾಲು. ಯಾರೋ ಹುಟ್ಟಿದ್ದು, ಯಾರೋ ಸತ್ತದ್ದು, ಎಲ್ಲೋ ಯುದ್ಧ. ಮಕ್ಕಳು ನೋಡುತ್ತಿದ್ದರು, ಓದುತ್ತಿರಲಿಲ್ಲ. ಅಕ್ಟೋಬರ್ 25ಕ್ಕೆ ‘1917: ರಷ್ಯಾದ ಕ್ರಾಂತಿ’ ಎಂದು ಬರೆದೆ. ನವೆಂಬರ್ 7ಕ್ಕೆ ಮತ್ತೆ ಅದನ್ನೇ ಬರೆದೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, “ಸರ್, ಒಂದೇ ಕ್ರಾಂತಿ ಎರಡು ಸಲ ಆಯ್ತೇನ್ರಿ?” ಎಂದಳು. ನನ್ನ ಬಳಿ ಉತ್ತರ ಇರಲಿಲ್ಲ. ನಾಳೆ ಹೇಳ್ತೀನಿ ಎಂದು ಕಳಿಸಿದೆ. ಆ ರಾತ್ರಿ ಕೂತು ಓದಿದೆ. ಈ ಕೆಲಸ ನಿಜವಾಗಿ ಶುರುವಾದದ್ದು ಅವತ್ತೇ.

ರಷ್ಯಾ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿತ್ತು. ನಾವೀಗ ಬಳಸುವ ಗ್ರೆಗೋರಿಯನ್ ಕ್ಯಾಲೆಂಡರಿಗಿಂತ ಅದು 13 ದಿನ ಹಿಂದಿತ್ತು. ಅಲ್ಲಿ 25 ಎಂದರೆ ಉಳಿದವರಿಗೆ ನವೆಂಬರ್ 7. 1918ರಲ್ಲಿ ಅವರು ಹೊಸದಕ್ಕೆ ಬದಲಾದಾಗ ಜನವರಿ 31ರ ಮರುದಿನವೇ ಫೆಬ್ರವರಿ 14 ಆಯಿತು. ಬ್ರಿಟನ್ ಇದನ್ನು 1752ರಲ್ಲಿ ಮಾಡಿತ್ತು. ಅಲ್ಲಿ ಸೆಪ್ಟೆಂಬರ್ 2ರ ರಾತ್ರಿ ಮಲಗಿದವರು 14ರಂದು ಎದ್ದರು. ಆ ವರ್ಷದ ಸೆಪ್ಟೆಂಬರ್ 3ರಿಂದ 13ರವರೆಗೆ ಬ್ರಿಟನ್ನಿನಲ್ಲಿ ಏನಾಯಿತು ಎಂದು ಹುಡುಕಿದರೆ ಏನೂ ಸಿಗುವುದಿಲ್ಲ, ಆ ದಿನಗಳೇ ಇರಲಿಲ್ಲ. ಇದನ್ನು ಹೇಳಿದಾಗ ಇಡೀ ತರಗತಿ ಕಣ್ಣರಳಿಸಿ ಕೂತಿತ್ತು.

ಮರುವಾರ ಅಂಗಡಿಯಿಂದ ದೊಡ್ಡ ರಿಜಿಸ್ಟರ್ ತಂದೆ. ದಿನಕ್ಕೊಂದು ಪುಟದಂತೆ 366 ಪುಟ. ಯಾವುದೇ ಘಟನೆ ಎರಡು ಬೇರೆ ಬೇರೆ ಕಡೆ ಒಂದೇ ತಾರೀಖಿನಲ್ಲಿ ಸಿಗುವವರೆಗೆ ಪೆನ್ಸಿಲ್‌ನಲ್ಲೇ ಬರೆಯುತ್ತೇನೆ. ಸಿಕ್ಕ ಮೇಲೆ ಪೆನ್ನು. ಒಂದು ಪಟ್ಟಿಯಿಂದ ನಕಲು ಹೊಡೆದ ಇನ್ನೊಂದು ಪಟ್ಟಿಯನ್ನು ಎರಡನೆಯದು ಎಂದು ಎಣಿಸುವುದಿಲ್ಲ. ಗಡಿಯಾರದ ಕಡೆಗೂ ಲಕ್ಷ್ಯ ಬೇಕು. ಚಂದ್ರನ ಮೇಲೆ ಆರ್ಮ್‌ಸ್ಟ್ರಾಂಗ್ ಕಾಲಿಟ್ಟಾಗ ಅಮೆರಿಕದಲ್ಲಿ 1969ರ ಜುಲೈ 20ರ ರಾತ್ರಿ. ನಮ್ಮಲ್ಲಿ ಜುಲೈ 21, ಸೋಮವಾರ, ಬೆಳಗ್ಗೆ 8 ಗಂಟೆ 26 ನಿಮಿಷ. ಬೋರ್ಡಿನಲ್ಲಿ ಎರಡನ್ನೂ ಬರೆಯುತ್ತೇನೆ.

ದಿನಕ್ಕೆ ನಾಲ್ಕು ಸಾಲಿಗಿಂತ ಜಾಸ್ತಿ ಬರೆಯುವುದಿಲ್ಲ. ಕೆಳಗೆ ‘ನಮ್ಮೂರು’ ಎಂಬ ಒಂದು ಸಾಲು ಖಾಲಿ ಬಿಡುತ್ತೇನೆ. ಅದು ಮಕ್ಕಳದು.

ವರ್ಷದಲ್ಲಿ ನನಗೆ ಅತಿ ಹೆಚ್ಚು ಕೆಲಸ ಕೊಡುವ ಪುಟ ಸೆಪ್ಟೆಂಬರ್ 17. ಅವತ್ತು ನಮ್ಮಲ್ಲಿ ಧ್ವಜ ಹಾರಿಸುತ್ತೇವೆ. ದೇಶಕ್ಕೆ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೂ ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲೇ ಉಳಿದಿದ್ದವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಒಳಗೆ ಬಂತು. ಮುಖ್ಯ ದಾರಿ ಸೋಲಾಪುರದ ಕಡೆಯದು, ಮೇಜರ್ ಜನರಲ್ ಜೆ.ಎನ್. ಚೌಧುರಿ ನೇತೃತ್ವ. 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಕದನ ವಿರಾಮ ಸಾರಿದರು. ನಮ್ಮ ಕಡೆ ಹಿರಿಯರು ಇದನ್ನು ‘ಪೊಲೀಸ್ ಆಕ್ಷನ್’ ಎಂದೇ ಕರೆಯುತ್ತಾರೆ.

ಈ ಸಾಲನ್ನು ಬರೆಯುವಾಗ ನನ್ನ ಕೈ ನಿಧಾನವಾಗುತ್ತದೆ. ನಮ್ಮ ಜಿಲ್ಲೆಯ ಗೋರಟಾದಲ್ಲಿ ಅದೇ ವರ್ಷ ಮೇ ತಿಂಗಳಲ್ಲಿ ರಜಾಕಾರರು, ಅಂದರೆ ನಿಜಾಮರ ಪರವಾಗಿದ್ದ ಶಸ್ತ್ರಧಾರಿ ಪಡೆಯವರು, ಜನರನ್ನು ಕೊಂದಿದ್ದರು. ಪೊಲೀಸ್ ಆಕ್ಷನ್ ಆದ ಮೇಲೆ ಸೇಡಿನ ಹೆಸರಲ್ಲಿ ಸಾವಿರಾರು ಮುಸ್ಲಿಮರ ಜೀವ ಹೋಯಿತು. ಅದನ್ನು ವಿಚಾರಿಸಲು ಕೇಂದ್ರ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರ ಸಮಿತಿಯನ್ನು ಕಳಿಸಿತ್ತು. ನನ್ನ ತರಗತಿಯಲ್ಲಿ ಎರಡೂ ಮನೆಯ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಒಂದು ನೋವು ಹೇಳಿ ಇನ್ನೊಂದನ್ನು ಬಿಡಲು ನನಗೆ ಆಗುವುದಿಲ್ಲ. ಎರಡನ್ನೂ ಹೇಳುತ್ತೇನೆ.

ಎರಡನೆಯ ಸಾಲು ಜೆರುಸಲೇಮಿನದು. ಅದೇ 1948, ಅದೇ ಸೆಪ್ಟೆಂಬರ್ 17. ಅರಬ್ಬರು ಮತ್ತು ಇಸ್ರೇಲಿನ ನಡುವೆ ಸಂಧಾನ ಮಾಡಿಸಲು ವಿಶ್ವಸಂಸ್ಥೆ ಕಳಿಸಿದ್ದ ಸ್ವೀಡನ್ನಿನ ಫೋಲ್ಕೆ ಬರ್ನಾಡೊಟ್ಟೆ ಅವರನ್ನು ಕಾರಿನಲ್ಲೇ ಗುಂಡಿಕ್ಕಿ ಕೊಂದರು. ಕೊಂದವರು ಲೆಹಿ ಎಂಬ ಯಹೂದಿ ಉಗ್ರ ಗುಂಪಿನವರು. ಹಿಂದಿನ ದಿನವಷ್ಟೇ ಪ್ಯಾರಿಸ್ಸಿನಲ್ಲಿ ಭದ್ರತಾ ಮಂಡಳಿಯ ಮುಂದೆ ಹೈದರಾಬಾದಿನ ದೂರು ಬಂದಿತ್ತು. ಅಂದರೆ ನಮ್ಮ ಸುದ್ದಿ, ಜೆರುಸಲೇಮಿನ ಸುದ್ದಿ ಎರಡೂ ಒಂದೇ ಮೇಜಿಗೆ ಹೋದವು. ಇದನ್ನು ಮೊದಲ ಸಲ ಓದಿದಾಗ ನಾನು ರಿಜಿಸ್ಟರ್ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಮ್ಮ ಊರಿನ ಮುಂದಿನ ರಸ್ತೆ ಎಷ್ಟು ದೂರದವರೆಗೆ ಹೋಗಿತ್ತು ಅಲ್ವಾ!

ಮೂರನೆಯ ಸಾಲು ಅಮೆರಿಕ. 1787ರ ಸೆಪ್ಟೆಂಬರ್ 17ಕ್ಕೆ ಫಿಲಡೆಲ್ಫಿಯಾದಲ್ಲಿ 39 ಜನ ಸಂವಿಧಾನಕ್ಕೆ ಸಹಿ ಹಾಕಿದರು. ಆದರೆ ಆ ಸಂವಿಧಾನ ಗುಲಾಮಗಿರಿಯನ್ನು ತೆಗೆಯಲಿಲ್ಲ. ಸರಿಯಾಗಿ 75 ವರ್ಷದ ನಂತರ, 1862ರ ಅದೇ ದಿನ, ಮೇರಿಲ್ಯಾಂಡಿನ ಆಂಟೀಟಂ ಹಳ್ಳದ ದಂಡೆಯಲ್ಲಿ ಅದೇ ದೇಶದ ಎರಡು ಸೇನೆಗಳು ಹೊಡೆದಾಡಿದವು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನದಲ್ಲಿ ಸುಮಾರು 23,000. ಐದು ದಿನ ಬಿಟ್ಟು ಲಿಂಕನ್ ಗುಲಾಮರ ಬಿಡುಗಡೆಯ ಮೊದಲ ಘೋಷಣೆ ಹೊರಡಿಸಿದರು. ತಾರೀಖು ಒಂದೇ ಆದದ್ದು ಆಕಸ್ಮಿಕ, ಅದರಲ್ಲಿ ಯಾವ ಗುಟ್ಟೂ ಇಲ್ಲ ಎಂದು ಮಕ್ಕಳಿಗೆ ಬಿಡಿಸಿ ಹೇಳುತ್ತೇನೆ. ಗುಲಾಮಗಿರಿಯನ್ನು ಹಾಗೇ ಬಿಟ್ಟದ್ದು ಮಾತ್ರ ಆಕಸ್ಮಿಕವಲ್ಲ.

ನಾಲ್ಕನೆಯದು ಮಕ್ಕಳಿಗೆ ಬಹಳ ಇಷ್ಟ. ಹಾಲೆಂಡಿನ ಡೆಲ್ಫ್ಟ್ ಊರಲ್ಲಿ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ತಾವೇ ಉಜ್ಜಿ ಮಾಡಿದ ಸಣ್ಣ ಗಾಜಿನ ಮಸೂರದಲ್ಲಿ ತಮ್ಮ ಹಲ್ಲಿನ ಸಂದಿಯ ಬಿಳಿ ಕೊಳೆಯನ್ನು ನೋಡಿದರು. ಅದರೊಳಗೆ ಸಣ್ಣ ಸಣ್ಣ ಜೀವಿಗಳು ಓಡಾಡುತ್ತಿದ್ದವು. ಅದನ್ನೇ ಬರೆದು 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಕಳಿಸಿದರು. ಇಷ್ಟು ಹೇಳಿದ ಕೂಡಲೇ ಪ್ರಾರ್ಥನೆಯ ಸಾಲಲ್ಲಿ ಎಲ್ಲರ ನಾಲಿಗೆಯೂ ಹಲ್ಲಿನ ಮೇಲೆ ಆಡುವುದು ಕಾಣುತ್ತದೆ. ಆಮೇಲೆ ನಾನು ಕೇಳುತ್ತೇನೆ: ಅವತ್ತು ಲಂಡನ್ನಿನಲ್ಲಿ ತಾರೀಖು ಎಷ್ಟು? ಹಾಲೆಂಡ್ ಹೊಸ ಕ್ಯಾಲೆಂಡರಿಗೆ ಆಗಲೇ ಬದಲಾಗಿತ್ತು, ಇಂಗ್ಲೆಂಡ್ ಇನ್ನೂ ಆಗಿರಲಿಲ್ಲ. ಲಂಡನ್ನಿನಲ್ಲಿ ಅವತ್ತು ಸೆಪ್ಟೆಂಬರ್ 7. ಪತ್ರ ವಾರದೊಳಗೆ ಮುಟ್ಟಿದ್ದರೆ, ಬರೆದ ತಾರೀಖಿಗಿಂತ ಮೊದಲೇ ಮುಟ್ಟಿದ ಲೆಕ್ಕ!

ನಮ್ಮ ಮನೆಗಳಲ್ಲೂ ಇಂಥ ಲೆಕ್ಕ ಇದೆ. ಹುಡುಗನೊಬ್ಬ ಹೊಲದ ಹಳೆಯ ಉರ್ದು ಕಾಗದ ತಂದಿದ್ದ. ಮಡಿಕೆ ಮಡಿಕೆಗೆ ಸವೆದು ಬಟ್ಟೆಯಂತಾಗಿತ್ತು. ಉರ್ದು ಶಾಲೆಯ ಮಾಸ್ತರರು ಓದಿ ‘1357 ಫಸಲಿ’ ಎಂದರು. ನಿಜಾಮರ ಸರ್ಕಾರ ನಡೆಸುತ್ತಿದ್ದ ಫಸಲಿ ವರ್ಷಕ್ಕೆ 590 ಕೂಡಿಸಬೇಕು. ವರ್ಷ ಅಕ್ಟೋಬರಿನಲ್ಲಿ ಶುರು. ಹಾಗಾಗಿ ಅದು 1947–48, ಇದೇ ಪೊಲೀಸ್ ಆಕ್ಷನ್ನಿನ ವರ್ಷ. ಹುಡುಗ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮನೆಗೆ ಒಯ್ದ.

ಹೋದ ಸೆಪ್ಟೆಂಬರ್ 17ಕ್ಕೆ ‘ನಮ್ಮೂರು’ ಸಾಲಲ್ಲಿ ಎಂಟನೆಯ ತರಗತಿಯ ಹುಡುಗಿ ಹೀಗೆ ಬರೆದಿದ್ದಳು: “ಆವತ್ತು ನಮ್ಮ ಮುತ್ಯಾ ಹೆಸರು ಬಿಡಿಸಾಕ ಹೊಲಕ್ಕ ಹೋಗಿದ್ದ. ರೋಡಿನ ಮ್ಯಾಲ ಮಿಲ್ಟ್ರಿ ಗಾಡಿ ಸಾಲಾಗಿ ಹೋದವು. ಅಂಜಿ ಮನಿಗಿ ಓಡಿ ಬಂದ.” ಭಾಷೆಯನ್ನು ನಾನು ತಿದ್ದಲಿಲ್ಲ. ತಾರೀಖು ಮಾತ್ರ ನನ್ನನ್ನು ಬಿಡಲಿಲ್ಲ. ಸೇನೆ 16ಕ್ಕೇ ಜಹೀರಾಬಾದ್ ದಾಟಿತ್ತು. ಜಹೀರಾಬಾದ್ ನಮಗಿಂತ ಮುಂದೆ ಇದೆ. ಹಾಗಾದರೆ ಮೊದಲ ಗಾಡಿಗಳು ನಮ್ಮ ಹೊಲದ ಮುಂದೆ 17ಕ್ಕಿಂತ ಮೊದಲೇ ಹೋಗಿರಬೇಕು. ಅವಳನ್ನು ಕರೆದು ನಕ್ಷೆ ತೋರಿಸಿದೆ. “ಮುತ್ಯಾ ಸುಳ್ಳ ಹೇಳಂಗಿಲ್ರಿ ಸರ್,” ಎಂದಳು. ಹೌದಮ್ಮ, ಮುತ್ಯಾ ನೋಡಿದ್ದು ಖರೆ, ದಿನ ಮಾತ್ರ ಒಂದೆರಡು ಹಿಂದೆ ಮುಂದೆ ಆಗಿದೆ ಎಂದೆ. ಅವಳು ನಕ್ಷೆಯ ಮೇಲೆ ಬೆರಳಿಟ್ಟು ಹುಮನಾಬಾದಿನಿಂದ ಜಹೀರಾಬಾದಿಗೆ ಎರಡು ಸಲ ಹೋಗಿ ಬಂದಳು. ಆಮೇಲೆ ಬೋರ್ಡಿನ ಹತ್ತಿರ ಹೋಗಿ, ‘ಆವತ್ತು’ ಎಂಬುದನ್ನು ಅಂಗೈಯಿಂದ ಒರೆಸಿ, ಅದೇ ಜಾಗದಲ್ಲಿ ‘ಆ ವಾರ’ ಎಂದು ಬರೆದಳು.