ನಡುರಾತ್ರಿ ಕೂಗುವ ಕಾರಿನ ಅಲಾರಂ: ದೋಷ ಹುಡುಕುವ ಕ್ರಮ

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕಾರುಗಳು ಕಟ್ಟಡದ ಕೆಳಗೆ ಕಂಬಗಳ ನಡುವೆ ನಿಲ್ಲುತ್ತವೆ. ಅಲ್ಲಿ ಒಂದು ಅಲಾರಂ ಹೊಡೆದುಕೊಂಡರೆ ಸದ್ದು ಗೋಡೆಗಳಿಗೆ ಬಡಿದು ಏಳನೆಯ ಮಹಡಿಯವರೆಗೂ ಏರುತ್ತದೆ. ಕಳೆದ ಮಳೆಗಾಲದಲ್ಲಿ ನನ್ನ ಕಾರು ನಾಲ್ಕು ರಾತ್ರಿ ಹೀಗೆ ಕೂಗಿತು. ಮೊದಲ ಮಹಡಿಯ ಮನೆಯಲ್ಲಿ ಹದಿನೈದು ದಿನದ ಕೂಸಿತ್ತು. ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅಜ್ಜಿ ಐದನೆಯ ದಿನ ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕು, "ನಿಮ್ಮ ಗಾಡಿಗೆ ಏನಾಗೇದ್ರಿ? ರಾತ್ರಿ ಕೂಸು ಬೆಚ್ಚಿ ಬೀಳ್ತದ್ರಿ" ಎಂದು ಸಮಾಧಾನದಿಂದಲೇ ಕೇಳಿದರು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದದ ಮಿತಿ 45 ಡೆಸಿಬೆಲ್ ಎಂದು 2000ದ ಶಬ್ದ ಮಾಲಿನ್ಯ ನಿಯಮಗಳು ಹೇಳುತ್ತವೆ. ಕಾರಿನ ಸೈರನ್ ನೂರನ್ನು ದಾಟುವುದುಂಟು. ಹಾರ್ನಿನ ಫ್ಯೂಸ್ ಕಿತ್ತುಹಾಕಿ ಮಲಗುವುದು ಸುಲಭ, ಆದರೆ ಅದರಿಂದ ಕೂಗು ನಿಲ್ಲುತ್ತದೆಯೇ ಹೊರತು ಕಾರಣ ಹೋಗುವುದಿಲ್ಲ. ಯಾವುದೋ ಒಂದು ಸ್ವಿಚ್ಚು ಅಥವಾ ಸೆನ್ಸರು ತಪ್ಪು ಸುದ್ದಿ ಕೊಟ್ಟದ್ದರಿಂದಲೇ ಅಲಾರಂ ಕೂಗುತ್ತಿರುತ್ತದೆ, ಅದು ಯಾವುದೆಂದು ಪತ್ತೆಮಾಡುವುದೇ ನಿಜವಾದ ಕೆಲಸ.

ಮೊದಲು ಆ ಗಳಿಗೆಯ ಸದ್ದನ್ನು ನಿಲ್ಲಿಸಬೇಕು. ರಿಮೋಟಿನಲ್ಲಿ ಅನ್‌ಲಾಕ್ ಗುಂಡಿ ಒತ್ತಿ. ಕೇಳದಿದ್ದರೆ ಬಾಗಿಲನ್ನು ಕೀಲಿಯಿಂದ ತೆಗೆದು, ಒಳಗೆ ಕುಳಿತು ಇಗ್ನಿಷನ್ ಆನ್ ಮಾಡಿ. ಗುಂಡಿ ಒತ್ತಿ ಸ್ಟಾರ್ಟ್ ಮಾಡುವ ಕಾರಾದರೆ, ಸೆಲ್ ಸತ್ತ ರಿಮೋಟನ್ನೂ ಸ್ಟಾರ್ಟ್ ಗುಂಡಿಗೆ ತಾಗಿಸಿ ಹಿಡಿದರೆ ಹೆಚ್ಚಿನ ಕಾರುಗಳು ಗುರುತಿಸುತ್ತವೆ. ಇದಾವುದಕ್ಕೂ ಬಗ್ಗದಿದ್ದಾಗ ಮಾತ್ರ ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಬೇಕು. ಕೆಲವು ಸೈರನ್‌ಗಳ ಒಳಗೇ ಪುಟ್ಟ ಬ್ಯಾಟರಿಯೊಂದು ಇರುವುದರಿಂದ ಟರ್ಮಿನಲ್ ಬಿಚ್ಚಿದರೂ ಅವು ಕೂಗುತ್ತಲೇ ಇರುತ್ತವೆ. ಅಂಥವಕ್ಕೆ ಸೈರನ್ನಿನ ಮೈಮೇಲೆಯೇ ಕೀಲಿ ಹಾಕಿ ಆರಿಸುವ ವ್ಯವಸ್ಥೆ ಇರುವುದುಂಟು, ಹಗಲು ಹೊತ್ತಿನಲ್ಲೇ ಅದನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು.

ಸದ್ದು ನಿಂತ ಕೂಡಲೇ ಮೇಲೆ ಹೋಗಿ ಮಲಗಬೇಡಿ. ಗಂಟೆ ಎಷ್ಟು, ಮಳೆ ಬೀಳುತ್ತಿತ್ತೇ, ಲಾಕ್ ಮಾಡಿ ಎಷ್ಟು ಹೊತ್ತಾಗಿತ್ತು, ಪಕ್ಕದಲ್ಲಿ ಯಾವುದಾದರೂ ಗಾಡಿ ಹೋಗಿತ್ತೇ ಎಂಬುದನ್ನು ಬರೆದಿಡಿ. ವಾಚ್‌ಮನ್‌ರನ್ನೂ ಕೇಳಿ, ಏಕೆಂದರೆ ನಾವು ಎಚ್ಚರಗೊಳ್ಳುವ ಮುನ್ನ ಏನಾಯಿತೆಂದು ಕಂಡಿರುವವರು ಅವರೊಬ್ಬರೇ. ಲಾಕ್ ಮಾಡಿದ ಒಂದು ನಿಮಿಷದೊಳಗೆ ಕೂಗಿದರೆ ಬಾಗಿಲು, ಡಿಕ್ಕಿ ಅಥವಾ ಬಾನೆಟ್ಟಿನ ಸ್ವಿಚ್ಚಿನ ಮೇಲೆ ಅನುಮಾನ. ಮೂರು ನಾಲ್ಕು ಗಂಟೆ ಸುಮ್ಮನಿದ್ದು ಬೆಳಗಿನ ಜಾವ ಕೂಗಿದರೆ ಬ್ಯಾಟರಿಯ ಮೇಲೆ, ಮಳೆ ಬಂದಾಗಲೆಲ್ಲ ಕೂಗಿದರೆ ತೇವದ ಮೇಲೆ. ಗಣಪತಿ ಮೆರವಣಿಗೆಯ ಢೋಲು-ತಾಶೆಗೋ, ದೀಪಾವಳಿಯ ಪಟಾಕಿಗೋ, ಹಳಿಯ ಮೇಲೆ ಮೇಲ್ ಗಾಡಿ ದೌಡಾಯಿಸಿದಾಗಲೋ ಕೂಗುವುದಾದರೆ, ಅದುರನ್ನು ಗುರುತಿಸುವ ಶಾಕ್ ಸೆನ್ಸರಿನ ಮೇಲೆ. ಬರೆದಿಟ್ಟದ್ದನ್ನು ಮೂರು ರಾತ್ರಿ ಹೋಲಿಸಿ ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಸಾಮಾನು ಬಿಚ್ಚುವ ಮುನ್ನ ಮನೆಯೊಳಗಿನ ಎರಡು ಕಾರಣಗಳನ್ನು ಕಳೆದುಬಿಡಿ. ಒಂದು, ಒತ್ತಿದರೆ ಅಲಾರಂ ಕೂಗಿಸುವ ರಿಮೋಟಿನ ಪ್ಯಾನಿಕ್ ಗುಂಡಿ ದಿಂಬಿನ ಕೆಳಗೋ ಚೀಲದಲ್ಲೋ ಒತ್ತಿಹೋಗುವುದು; ಒಂದು ರಾತ್ರಿ ಎರಡೂ ರಿಮೋಟುಗಳ ಸೆಲ್ ತೆಗೆದಿಟ್ಟು ನೋಡಿ. ಸೆಲ್ ಸಾಮಾನ್ಯವಾಗಿ ಸಿಆರ್ 2032, ಮೂರು ವೋಲ್ಟಿನದು. ಇನ್ನೊಂದು, ಒಳಗೆ ಜನ ಕುಳಿತಿರುವಾಗಲೇ ಹೊರಗಿನಿಂದ ಲಾಕ್ ಮಾಡುವುದು. ಅಜ್ಜನನ್ನು ಕಾರಿನಲ್ಲಿ ಕೂರಿಸಿ ಮಾಟುಂಗದಲ್ಲಿ ಹೂವು ತರಲು ಹೋದಾಗ ಅವರು ಒಳಗಿನಿಂದ ಬಾಗಿಲು ತೆಗೆದರೆ ಅಲಾರಂ ಕೂಗಲೇಬೇಕು, ಅದು ದೋಷವಲ್ಲ.

ಬ್ಯಾಟರಿಯ ವಿಷಯ ಮುಂಬಯಿಯವರಿಗೆ ವಿಶೇಷವಾಗಿ ಸಲ್ಲುತ್ತದೆ. ನಮ್ಮಲ್ಲಿ ಹೆಚ್ಚಿನವರು ವಾರವಿಡೀ ಲೋಕಲ್‌ನಲ್ಲಿ ಓಡಾಡಿ, ಭಾನುವಾರ ಮಾತ್ರ ದೇವಸ್ಥಾನಕ್ಕೋ ನೆಂಟರ ಮನೆಗೋ ಕಾರು ತೆಗೆಯುವವರು. ಆ ಅರ್ಧ ಗಂಟೆಯ ಓಟ ವಾರದಲ್ಲಿ ಸೋರಿದ್ದನ್ನು ತುಂಬುವುದಿಲ್ಲ. ಬ್ಯಾಟರಿ ಕುಗ್ಗಿದಾಗ ಅಲಾರಮ್ಮಿನ ಪೆಟ್ಟಿಗೆಗೆ ಯಾರೋ ವೈರು ಕಿತ್ತಂತೆ ತೋರಿ ಅದು ಕೂಗಿಕೊಳ್ಳುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುನ್ನ ಮಲ್ಟಿಮೀಟರಿನಲ್ಲಿ ಅಳೆಯಿರಿ. ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಈ ಮೀಟರ್ ಅಗ್ಗವಾಗಿಯೇ ಸಿಗುತ್ತದೆ, ಪ್ರತಿ ಮನೆಯಲ್ಲೂ ಇರಬೇಕಾದ ವಸ್ತು. 12.6 ವೋಲ್ಟಿನ ಆಸುಪಾಸು ತೋರಿದರೆ ಬ್ಯಾಟರಿ ತುಂಬಿದೆ, 12.4 ಎಂದರೆ ಮುಕ್ಕಾಲು, 12ಕ್ಕೆ ಇಳಿದಿದ್ದರೆ ಬರಿದಾಗಿದೆ ಎಂದೇ ತಿಳಿಯಿರಿ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರ ನಡುವೆ ಇರಬೇಕು. ಟರ್ಮಿನಲ್ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಪಾಸಿಟಿವ್ ಮೊದಲು ಕೂಡಿಸಿ ಬಿಗಿಮಾಡಿ. ಡ್ಯಾಶ್‌ಕ್ಯಾಮ್ ಅನ್ನು ಸದಾ ಕರೆಂಟ್ ಹರಿಯುವ ಜಾಗಕ್ಕೆ ಜೋಡಿಸಿದ್ದರೆ ಒಂದು ವಾರ ಕಳಚಿಡಿ.

ಬಾಗಿಲುಗಳ ಪರೀಕ್ಷೆಗೆ ಉಪಕರಣವೇ ಬೇಡ. ಕತ್ತಲಾದ ಮೇಲೆ ಒಳಗಿನ ದೀಪದ ಗುಂಡಿಯನ್ನು ಬಾಗಿಲಿನೊಡನೆ ಉರಿಯುವ ಸ್ಥಾನದಲ್ಲಿಟ್ಟು, ಎಲ್ಲ ಬಾಗಿಲು ಮುಚ್ಚಿ ಒಳಗೆ ಕುಳಿತು ದೀಪ ಆರುವವರೆಗೆ ಕಾಯಿರಿ. ಈಗ ಒಂದೊಂದು ಬಾಗಿಲನ್ನೂ ಒಳಗಿನಿಂದ ಅಂಗೈಯಲ್ಲಿ ಮೆಲ್ಲಗೆ ಹೊರಕ್ಕೆ ಒತ್ತುತ್ತಾ ಬನ್ನಿ. ಯಾವ ಬಾಗಿಲಿಗೆ ದೀಪ ಮಿನುಗುತ್ತದೋ ಅದರ ಸ್ವಿಚ್ಚು ಸಡಿಲ. ಡಿಕ್ಕಿಯನ್ನೂ ಇದೇ ಅನುಮಾನದಿಂದ ನೋಡಿ, ತುಂಬಿದ ಸಾಮಾನು ಬಾಗಿಲನ್ನು ಪೂರ್ತಿ ಕೂರಲು ಬಿಡದಿರುವುದುಂಟು.

ನನ್ನ ಕಾರಿನ ದೋಷ ಸಿಕ್ಕದ್ದು ಬಾನೆಟ್ಟಿನ ಕೆಳಗೆ. ಹೊರಗಿನ ಅಂಗಡಿಯಲ್ಲಿ ಹಾಕಿಸುವ ಅಲಾರಮ್ಮುಗಳಲ್ಲಿ ಬಾನೆಟ್ಟಿನ ಅಂಚು ಕೂರುವ ತಗ್ಗಿನಲ್ಲೇ ಹೆಬ್ಬೆರಳಿನಷ್ಟು ಉದ್ದದ ಪಿನ್ ಸ್ವಿಚ್ ಒಂದಿರುತ್ತದೆ. ಬಾನೆಟ್ ಅದನ್ನು ಒತ್ತಿಹಿಡಿದಿರುವವರೆಗೆ ಅಲಾರಂ ಸುಮ್ಮನಿರುತ್ತದೆ. ಆ ಸ್ವಿಚ್ಚಿನ ಕೆಳಭಾಗ ಸರಿಯಾಗಿ ನೀರು ಹರಿಯುವ ಹಾದಿಯಲ್ಲೇ ಇರುವುದರಿಂದ ಮುಂಬಯಿಯ ಮಳೆಯಲ್ಲಿ, ಉಪ್ಪುಗಾಳಿಯಲ್ಲಿ ಅದು ಬೇಗ ಕೆಡುತ್ತದೆ. ಟಾರ್ಚ್ ಹಿಡಿದು ನೋಡಿದಾಗ ರಬ್ಬರ್ ಟೋಪಿ ಸೀಳಿ ಬಾಯಿಬಿಟ್ಟಿತ್ತು, ಒಳಗೆ ಪಿನ್ನಿನ ಸುತ್ತ ತಾಮ್ರದ ಹಸಿರು ಕಿಲುಬು ಕಟ್ಟಿತ್ತು, ಪಿನ್ನನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಅರ್ಧಕ್ಕೇ ನಿಂತು, ಒಂದು ಕ್ಷಣ ತಡೆದು ಮೇಲೆ ಬರುತ್ತಿತ್ತು. ಮಳೆನೀರು ಆ ಕಿಲುಬಿನ ಮೂಲಕವೇ ವೈರನ್ನು ಕಾರಿನ ಲೋಹದ ಮೈಗೆ ಕೂಡಿಸುತ್ತಿತ್ತು, ಅಲಾರಮ್ಮಿಗೆ ಬಾನೆಟ್ ತೆರೆದಂತೆ ತೋರುತ್ತಿತ್ತು. ಖಚಿತಪಡಿಸಿಕೊಳ್ಳಲು ಆ ಒಂದೇ ವೈರನ್ನು ಸ್ವಿಚ್ಚಿನಿಂದ ಕಳಚಿ, ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಎಂದಿನಂತೆ ಲಾಕ್ ಮಾಡಿದೆ. ರಾತ್ರಿ ಜೋರು ಮಳೆ ಸುರಿಯಿತು, ಕಾರು ಕೂಗಲಿಲ್ಲ. ಹೊಸ ಸ್ವಿಚ್ ಹಾಕಿಸಿದ ದಿನ ಮೆಟ್ಟಿಲಿಳಿದು ಅಜ್ಜಿಗೆ ತಿಳಿಸಿ ಬಂದೆ. ಕಂಪನಿಯಿಂದಲೇ ಅಲಾರಂ ಬಂದಿರುವ ಕಾರಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ಸ್ವಿಚ್ಚು ಬಾನೆಟ್ಟಿನ ಲಾಚ್ ಒಳಗೇ ಇರುತ್ತದೆ, ವೈರು ಕಳಚಿದರೆ ಕೆಲವು ಕಾರುಗಳು ಅದನ್ನೇ ತೆರೆದ ಬಾನೆಟ್ ಎಂದು ಓದುತ್ತವೆ. ಅಂಥದ್ದರಲ್ಲಿ ಲಾಚ್ ಒರೆಸಿ, ಒಣಗಿಸಿ, ಬಾನೆಟ್ ಮುಚ್ಚಿದ ಮೇಲೂ ಡ್ಯಾಶ್‌ಬೋರ್ಡಿನ ಮೀಟರಿನಲ್ಲಿ ತೆರೆದ ಬಾನೆಟ್ಟಿನ ಚಿಹ್ನೆ ಉರಿಯುತ್ತದೆಯೇ ಎಂದು ನೋಡಿದರೆ ಸಾಕು.

ಬಾನೆಟ್ ಎತ್ತಿದಾಗಲೇ ಇಲಿಯ ಗುರುತನ್ನೂ ಹುಡುಕಿ: ಹಿಕ್ಕೆ, ಕಡಿದ ವೈರಿನ ಹೊದಿಕೆ, ಎಳೆದು ತಂದ ಕಾಗದದ ಚೂರು. ಕಡಿದ ವೈರು ಕಂಡರೆ ಟೇಪ್ ಸುತ್ತಿ ಬಿಡದೆ ಆಟೋ ಎಲೆಕ್ಟ್ರಿಷಿಯನ್ನರಿಂದ ಬೆಸುಗೆ ಹಾಕಿಸಬೇಕು.

ಶಾಕ್ ಸೆನ್ಸರ್ ಡ್ಯಾಶ್‌ಬೋರ್ಡಿನ ಕೆಳಗೆ, ಸಾಮಾನ್ಯವಾಗಿ ಸ್ಟಿಯರಿಂಗ್ ಕಂಬದ ಸುತ್ತಮುತ್ತ, ಬೆಂಕಿಪೊಟ್ಟಣದಂಥ ಪುಟ್ಟ ಪೆಟ್ಟಿಗೆಯಾಗಿ ಇರುತ್ತದೆ. ಬಿಸಿಲಿಗೆ ಅಂಟುಟೇಪು ಕಳಚಿ ಅದು ತೂಗಾಡುತ್ತಿದ್ದರೆ ಲಾರಿ ಹೋದರೂ ಸಾಕು, ಕೂಗು. ಮೊದಲು ಅದನ್ನು ಬಿಗಿಯಾಗಿ ಕಟ್ಟಿ. ಆಮೇಲೆ ಅದರ ಮೇಲಿನ ತಿರುಪಿನ ಈಗಿನ ಸ್ಥಾನವನ್ನು ಪೆನ್ನಿನಿಂದ ಗುರುತುಮಾಡಿ, ಮೈನಸ್ ಚಿಹ್ನೆಯ ಕಡೆಗೆ ಸ್ವಲ್ಪವೇ ತಿರುಗಿಸಿ, ಲಾಕ್ ಮಾಡಿ ಒಂದು ನಿಮಿಷ ಬಿಟ್ಟು ಕಿಟಕಿಯ ಚೌಕಟ್ಟಿಗೆ ಅಂಗೈಯಿಂದ ತಟ್ಟಿ ನೋಡಿ. ಮೆಲ್ಲಗೆ ತಟ್ಟಿದರೆ ಸುಮ್ಮನಿರಬೇಕು, ಗಟ್ಟಿಯಾಗಿ ತಟ್ಟಿದರೆ ಕೂಗಬೇಕು. ಪೂರ್ತಿ ಇಳಿಸಿಬಿಟ್ಟರೆ ಗಾಜು ಒಡೆದರೂ ಅದಕ್ಕೆ ತಿಳಿಯುವುದಿಲ್ಲ. ಕಾರಿನ ಒಳಗಿನ ಚಲನೆಯನ್ನು ಗಮನಿಸುವ ಸೆನ್ಸರ್ ಇರುವ ಗಾಡಿಯಲ್ಲಿ ಗಾಜನ್ನು ಒಂದು ಬೆರಳಿನಷ್ಟೂ ತೆರೆದಿಡಬಾರದು, ಕನ್ನಡಿಗೆ ಮಾಲೆ ತೂಗುಹಾಕಬಾರದು.

ಒಂದು ರಾತ್ರಿಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದು ಗುಣಕೊಟ್ಟಿತೆಂದು ತಿಳಿಯದು. ಹುಡುಕಾಟ ನಡೆದಿರುವ ದಿನಗಳಲ್ಲಿ ನಿಮ್ಮ ಫೋನ್ ನಂಬರನ್ನು ವಾಚ್‌ಮನ್‌ರ ಬಳಿ ಬರೆಸಿಡಿ, ಫ್ಲ್ಯಾಟ್ ನಂಬರನ್ನು ಗಾಜಿನ ಒಳಗೆ ಇಡಿ. ಇಷ್ಟೆಲ್ಲ ನೋಡಿದರೂ ಕೂಗು ನಿಲ್ಲದಿದ್ದರೆ, ವಾರಂಟಿ ಇರುವ ಕಾರಿನ ವೈರಿಗೆ ಕೈಹಚ್ಚದೆ, ಬರೆದಿಟ್ಟ ಗಂಟೆಗಳ ಚೀಟಿ ಹಾಗೂ ವೋಲ್ಟೇಜಿನ ಲೆಕ್ಕವನ್ನು ಹಿಡಿದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ. ಕೆಲಸ ಮುಗಿಸಿ ಗಾಡಿ ಕೊಡುವಾಗ ಅವರ ಎದುರಿನಲ್ಲೇ ಚಾಲಕನ ಕಡೆಯ ಗಾಜು ಇಳಿಸಿ, ರಿಮೋಟಿನಿಂದ ಲಾಕ್ ಮಾಡಿ, ಒಂದು ನಿಮಿಷ ಕಾದು, ಕೈ ಒಳಗೆ ಹಾಕಿ ಬಾಗಿಲು ತೆಗೆಯಿರಿ. ಆಗ ಅದು ಕೂಗಬೇಕು.