ಮಗನ ಕೋಣೆಯ ಗೋಡೆಗೆ ಚಿತ್ರ ಬರೆಸುವ ಮುಂಚೆ

ಹುಡುಗನ ಕೋಣೆ ಅಂದ ತಕ್ಷಣ ನೀಲಿ ಬಣ್ಣ, ಗೋಡೆ ತುಂಬ ಕಾರು ಅಂತ ಹೊರಡಬೇಡಿ. ಇವತ್ತು ಡೈನೋಸಾರ್ ಬೇಕು ಅನ್ನುವವನು ಮುಂದಿನ ವರ್ಷ ರಾಕೆಟ್ ಅನ್ನುತ್ತಾನೆ, ಅಲ್ವಾ? ಗೋಡೆಗೆ ತಿಳಿ ಬಣ್ಣ ಇರಲಿ. ಅವನ ಹುಚ್ಚೆಲ್ಲ ಬೆಡ್‌ಶೀಟ್, ದಿಂಬಿನ ಕವರ್, ಪೋಸ್ಟರ್‌ಗಳಲ್ಲಿ ಬರಲಿ. ಪೇಂಟ್ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಬಹುದಾದದ್ದೇ ಆರಿಸಿ. ಸ್ವಿಚ್ಚಿನ ಸುತ್ತ ಕೈಗುರುತು, ಮಂಚದ ಪಕ್ಕ ಕ್ರೇಯಾನ್ ಗೀಟು ಖಂಡಿತ ಬೀಳುತ್ತವೆ.

ನನ್ನನ್ನು ಕೇಳಿದರೆ, ಅಲಂಕಾರಕ್ಕಿಂತ ಬೆಳಕಿಗೆ ಜಾಸ್ತಿ ಗಮನ ಕೊಡಿ. ಮಂಚದ ಹತ್ತಿರ ಸುಮಾರು 2700 ಕೆಲ್ವಿನ್‌ನ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ) ಹಳದಿ ಬೆಳಕು, ಓದುವ ಮೇಜಿಗೆ 4000 ಕೆಲ್ವಿನ್ ಆಸುಪಾಸಿನ ಬಿಳಿ ಬೆಳಕು ಸಾಕು. ಬಲಗೈಯಲ್ಲಿ ಬರೆಯುವವನಾದರೆ ಲ್ಯಾಂಪ್ ಎಡಕ್ಕಿಡಿ, ಕೈಯ ನೆರಳು ಪುಸ್ತಕದ ಮೇಲೆ ಬೀಳುವುದಿಲ್ಲ. ಎಡಚನಾದರೆ ಬಲಕ್ಕೆ.

ಬ್ಯಾಗು, ಜಾಕೆಟ್ ಹಾಕುವ ಕೊಕ್ಕೆಗಳನ್ನು ಅವನ ಭುಜದ ಎತ್ತರಕ್ಕೆ ಹೊಡೆಸಿ. ನಮ್ಮ ಎತ್ತರಕ್ಕೆ ಹೊಡೆಸಿದರೆ ಸುಮ್ನೆ ಎಲ್ಲ ನೆಲದ ಮೇಲೇ ಇರುತ್ತದೆ! ಚಿಕ್ಕ ಆಟಿಕೆಗಳಿಗೆ ಮುಚ್ಚಳವಿಲ್ಲದ ಬುಟ್ಟಿ ಒಳ್ಳೆಯದು. ಹಾಂ, ಪುಸ್ತಕದ ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಹುಡುಗರು ಅದನ್ನು ಹತ್ತದೇ ಬಿಡುವುದಿಲ್ಲ.